ಹೊಸ ಕೋಡಿಯ ಮೆಟ್ಟಿಲು

ಕರಿಜಾಲಿ ಕೆರೆಯಷ್ಟು ದೊಡ್ಡ ಕೆರೆ ಭೂಮಿಯ ಮೇಲೆ ಇನ್ನೊಂದಿಲ್ಲ. ಸಮುದ್ರ ಇದೆಯಲ್ಲ ಅಂತ ಯಾರಾದರೂ ಬಾಯಿ ತೆಗೆಯಬಹುದು. ಸಮುದ್ರ ಉಪ್ಪು, ಅದು ಲೆಕ್ಕಕ್ಕಿಲ್ಲ. ಸೋಲದೇವನಹಳ್ಳಿ ದಾಟಿ, ಕಾಲೇಜು ಬಸ್ಸುಗಳ ಧೂಳು ಮುಗಿಯುವ ಕಡೆ ಎಡಕ್ಕೆ ತಿರುಗಿದರೆ ಸಿಗುತ್ತದೆ. ಬೆಂಗಳೂರಿನ ಉತ್ತರ ದಿಕ್ಕಿನ ಅರ್ಧ ಜನ ಬೆಳಿಗ್ಗೆ ಬಾಯಿ ಮುಕ್ಕಳಿಸುವುದು ಇದರ ನೀರಿನಲ್ಲಿ. ಟಿ. ದಾಸರಹಳ್ಳಿಯಲ್ಲಿ ನಲ್ಲಿ ಕೆಮ್ಮಿದರೆ ಇಲ್ಲಿಯ ಕಪ್ಪೆ ತಲೆ ಎತ್ತಿ ನೋಡುತ್ತದೆ. ತಣಿಸಂದ್ರದ ಅಪಾರ್ಟ್‌ಮೆಂಟಿನ ತುತ್ತತುದಿಯಲ್ಲಿ ಒಬ್ಬರು ಷವರ್ ತಿರುಗಿಸಿದರೆ ಇಲ್ಲಿ ತೇಲುತ್ತಿರುವ ಬಾತುಕೋಳಿ ಒಂದು ಅಂಗುಲ ಕೆಳಗಿಳಿಯುತ್ತದೆ.

ಇಂಥ ಕೆರೆಗೆ ಒಂದು ಕೋಡಿ. ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಬೀಳುವ ಬಾಯಿ. ಹಳೆಯದು ಕಲ್ಲಿನ ಕೋಡಿ. ಅದನ್ನು ಕಟ್ಟಿದವರ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಹಲ್ಲು ಬಿದ್ದು ಹೋಗಿತ್ತು. ಕಲ್ಲಿನ ಸಂದಿಗೆ ಬೇರು, ಬೇರಿನ ಸಂದಿಗೆ ಹಾವು, ಹಾವಿನ ಮಗ್ಗುಲಲ್ಲೇ ಜಿನುಗುವ ನೀರು. ಕೋಡಿ ಕಿತ್ತರೆ ಕೆರೆಯ ಮಣ್ಣಿನ ಏರಿ ಹೋಗುತ್ತದೆ, ಏರಿ ಹೋದರೆ ಕೆರೆ ಹೋಗುತ್ತದೆ, ಕೆರೆ ಹೋದರೆ ಅರ್ಧ ನಗರ ಬಾಯಿ ಮುಕ್ಕಳಿಸದೆ ಆಫೀಸಿಗೆ ಹೋಗಬೇಕಾಗುತ್ತದೆ ಅಂತ ಇಲಾಖೆಗೆ ಭಯ ಹುಟ್ಟಿತು. ಇಲಾಖೆಗೆ ಭಯ ಹುಟ್ಟುವುದು ಹುಲಿಗೆ ನೆಗಡಿ ಬಂದಷ್ಟು ಅಪರೂಪ. ಹುಟ್ಟಿತು, ಅದಕ್ಕೇ ಹೊಸ ಕೋಡಿ ಬಂತು.

ಕಾಂಕ್ರೀಟಿನದು. ಸಾಲಾಗಿ ಮೂರು ಕಬ್ಬಿಣದ ಬಾಗಿಲು. ಗುಂಡಿ ಒತ್ತಿದರೆ ಮೋಟಾರು ತಿರುಗಿ ಬಾಗಿಲು ತಾನೇ ಏಳುತ್ತದೆ. ಬಾಗಿಲ ಕೆಳಗೆ ನೀರು ಹರಿದುಹೋಗಲು ಉದ್ದನೆಯ ಕಾಲುವೆ, ಕಾಲುವೆಯ ಎರಡು ಬದಿಗೂ ಗೋಡೆ. ಗೋಡೆಯ ಎತ್ತರ ಎಷ್ಟೆಂದರೆ, ಕಾಗೆ ಮಧ್ಯದಲ್ಲಿ ಒಂದು ಸಲ ಕೂತು ಸುಧಾರಿಸಿಕೊಂಡು ಮೇಲಕ್ಕೆ ಹೋಗಬೇಕು. ಕಾಲುವೆಯ ಕೊನೆಗೆ ಕಬ್ಬಿಣದ ಜಾಲರಿ. ಹತ್ತಲು ಇಳಿಯಲು ಒಂದೇ ಮೆಟ್ಟಿಲು, ಅದಕ್ಕೆ ಫಳಫಳ ಹೊಳೆಯುವ ಸ್ಟೀಲ್ ಕಂಬಿ. ಮೆಟ್ಟಿಲು ಹತ್ತಿದರೆ ಬಾಗಿಲುಗಳ ಪಕ್ಕದ ಕಟ್ಟೆ. ಕಟ್ಟೆಯ ಮೇಲೆ ಗುಂಡಿ, ಅಂಚಿಗೆ ಅದೇ ಸ್ಟೀಲ್ ಕಂಬಿ.

ಇದಕ್ಕೆಲ್ಲ ಜಲ್ಲಿ ಹೊತ್ತವರು, ಮರಳು ಹೊತ್ತವರು, ಹಳೆಯ ಕಲ್ಲು ಕಿತ್ತು ಬೆನ್ನು ಮುರಿದುಕೊಂಡವರು ಕೋಡಿಯ ಕೆಳಗಿನ ಕೇರಿಯವರು. ಈಗ ಅದನ್ನು ಕಾಲೋನಿ ಅನ್ನುತ್ತಾರೆ. ಹೆಸರು ಮೆತ್ತಗಾಯಿತು. ಉಳಿದದ್ದು ಹಾಗೇ ಇದೆ.

ಆ ಕಾಲೋನಿಯವಳು ದೊಡ್ಡಮುನಿಯಮ್ಮ. ದೊಡ್ಡತನ ಹೆಸರಲ್ಲಿ ಮಾತ್ರ. ರಾಗಿ ಮೂಟೆಯ ಪಕ್ಕ ನಿಂತರೆ ಮೂಟೆಯೇ ಅಕ್ಕನಂತೆ ಕಾಣುತ್ತಿತ್ತು. ಆದರೆ ಕೈ ಇದ್ದವಲ್ಲ, ಅವು ಇಬ್ಬರು ಗಂಡಸರಿಗೆ ಹಂಚಿದರೂ ಮಿಗುವಂಥವು. ಗಂಡ ಬೈರಣ್ಣ ತಮಟೆ ಬಡಿಯುವವನು. ಅವನು ಬಾಯಿಬಿಟ್ಟು ಮಾತಾಡಿದ್ದನ್ನು ಕೇಳಿದವರು ಊರಲ್ಲಿ ಕಡಿಮೆ. ಹೇಳುವುದೆಲ್ಲ ತಮಟೆಯಲ್ಲೇ.

ಕೆರೆ ತುಂಬಿ ಕೋಡಿ ಬೀಳುವ ಮುಂಚೆ ಕೋಡಿಯ ಬಾಯಿ ಚೊಕ್ಕ ಮಾಡುವುದು ದೊಡ್ಡಮುನಿಯಮ್ಮನ ಮನೆಯ ಹೆಂಗಸರ ಕೆಲಸ. ಅತ್ತೆ ಯಲ್ಲಮ್ಮ ಮಾಡಿದಳು, ಅತ್ತೆಯ ಅತ್ತೆ ಮಾಡಿದಳು. ಇದಕ್ಕೆ ಯಾವ ದೊಡ್ಡ ವಿದ್ಯೆಯೂ ಬೇಡ. ಎರಡು ಕೈ ಬೇಕು, ಮೂಗು ಇರಬಾರದು, ಅಷ್ಟೆ. ಮಾಡಿ ಮುಗಿಸಿದ ಮೇಲೆ ಒಂದು ಕಟ್ಟಳೆ. ಕೊಳೆ ತೆಗೆದ ಮೈ ಗಂಗಮ್ಮನ ಕಣ್ಣಿಗೆ ಬೀಳಬಾರದು. ಕಲಶ ಇಡುವುದರೊಳಗೆ ಅವಳು ಹಳೆಯ ಕೋಡಿಯ ಹಿಂದಿನ ಕಲ್ಲುಸಂದಿಯಿಂದ ತೂರಿಕೊಂಡು, ಜಾಲಿ ಪೊದೆಗಳ ಮಧ್ಯೆ ಮನೆ ಸೇರಬೇಕು. ಆಮೇಲೆ ಊರಿನವರು ಬಾಗಿನ ಬಿಡುತ್ತಾರೆ. ತಮಟೆ ಮೊಳಗುತ್ತದೆ. ನೀರು ಬೀಳುತ್ತದೆ.

ಹೀಗಾಗಿ ಆ ಮನೆಯ ಯಾವ ಹೆಂಗಸೂ ಕೋಡಿ ಬೀಳುವುದನ್ನು ನೋಡಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಸಲ ದೊಡ್ಡಮುನಿಯಮ್ಮ ಅತ್ತೆಯನ್ನು ಕೇಳಿದ್ದಳು.

"ಮೊದ್ಲು ಬೀಳೋ ನೀರು ಎಂಗಿರ್ತದೆ ಅತ್ತೆ?"

"ನಂಗೇನ್ ಗೊತ್ತಮ್ಮಿ," ಅಂದಿದ್ದಳು ಯಲ್ಲಮ್ಮ. "ಸದ್ದು ಚೆಂದಾಗಿರ್ತದೆ."

ಮಾರನೆಯ ದಿನ ಹೋಗಿ ನೋಡಬಹುದಲ್ಲ ಅನ್ನುವ ಬುದ್ಧಿವಂತರು ಎಲ್ಲ ಊರಲ್ಲೂ ಇರುತ್ತಾರೆ. ನೋಡಬಹುದು. ಉಂಡು ಬಿಟ್ಟ ಎಲೆಗೂ ಎಲೆ ಅಂತಲೇ ಹೆಸರು. ದೊಡ್ಡಮುನಿಯಮ್ಮನಿಗೆ ಬೇಕಿದ್ದದ್ದು ಮೊದಲ ನೀರು. ತಾನು ಕೈಯಾರೆ ಬಾಚಿದ ದಾರಿಯಲ್ಲಿ ಅದು ಬಂದು ಬೀಳುವುದನ್ನು ಕಣ್ಣಾರೆ ನೋಡಬೇಕು. ಅದೇನು ಅರಮನೆ ಕೇಳಿದಂತಲ್ಲ. ಆದರೆ ಬಾಯಿಬಿಟ್ಟು ಕೇಳಿರಲಿಲ್ಲ. ಕೇಳಿದರೆ ಇಲ್ಲ ಅನ್ನುತ್ತಾರೆ, ಇಲ್ಲ ಅಂದಮೇಲೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಮಾರನೆಯ ದಿನ ಗೌಡರ ತೋಟದಲ್ಲಿ ಕೂಲಿ ಇರುವುದಿಲ್ಲ.

ಹೊಸ ಕೋಡಿಯ ಬಾಗಿಲು ತೆಗೆಯುವ ದಿನ ಬಂತು. ಮೇಲೆ ದೊಡ್ಡಬಳ್ಳಾಪುರದ ಕಡೆ ಸುರಿದ ಮಳೆಗೆ ಕೆರೆ ತುಂಬಿ, ನೀರು ಬಾಗಿಲಿನ ಕಬ್ಬಿಣಕ್ಕೆ ಮೊಣಕೈ ಊರಿಕೊಂಡು ನಿಂತಿತ್ತು. ಗುಂಡಿ ಒತ್ತಲು ನಗರದಿಂದ ದೊಡ್ಡವರೊಬ್ಬರು ಬರುವವರಿದ್ದರು. ಇಂಜಿನಿಯರ್ ಯೋಗಾನಂದ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೆಳಕು ಹರಿಯುತ್ತಲೇ ಬಂದ. ಬಂದವನು ಕಾಲುವೆಯೊಳಗೆ ಇಣುಕಿದ. ಇಣುಕಿದವನ ಅಂಗಿ ಅಲ್ಲೇ ಸುಕ್ಕಾಯಿತು.

ಕಾಲುವೆಯ ತುಂಬ ಕಸ. ಕೆಲಸ ನಡೆಯುವಾಗ ಮಳೆ ಬಂದಾಗೆಲ್ಲ ಈ ದಾರಿಯಲ್ಲಿ ಹರಿಯಬಿಟ್ಟ ನೀರು ಹೊತ್ತು ತಂದು ಬಿಟ್ಟದ್ದು. ಅಂತರಗಂಗೆ ಬಳ್ಳಿ, ಸಿಮೆಂಟ್ ಚೀಲ, ಬಾಟಲಿ, ಸೆಂಟ್ರಿಂಗ್ ಹಲಗೆ, ಒಂದು ಸತ್ತ ನಾಯಿ. ಯಲಹಂಕದಿಂದ ಯಶವಂತಪುರದವರೆಗಿನ ಜನ ಟೆಂಪೋದಲ್ಲಿ ತಂದು ಮುಳುಗಿಸಿದ ಗಣೇಶಗಳು. ಎಲ್ಲ ಹೋಗಿ ಕೊನೆಯ ಜಾಲರಿಗೆ ಒತ್ತಿಕೊಂಡಿತ್ತು. ಬಾಗಿಲು ಎತ್ತಿದರೆ ನೀರು ಜಾಲರಿಗೆ ಬಡಿದು, ದಾರಿ ಸಿಗದೆ ಹಿಂದಕ್ಕೆ ತುಂಬಿ, ಗೋಡೆ ಮೀರಿ ಏರಿಯ ಬುಡಕ್ಕೇ ಬಾಯಿ ಹಾಕುತ್ತಿತ್ತು. ಏರಿಯ ಬುಡದಲ್ಲಿ ಯಾರ ಮನೆಗಳಿವೆ ಅಂತ ಬೇರೆ ಹೇಳಬೇಕಾಗಿಲ್ಲ.

ಕಂಟ್ರಾಕ್ಟರ್ ಫೋನಿನಲ್ಲಿ ಹೇಳಿದ, "ಆಳುಗಳೆಲ್ಲ ಊರಿಗೆ ಹೋದ್ರು ಸಾರ್. ಜೆಸಿಬಿ ಒಳಗೆ ಇಳಿಸ್ಬೇಡಿ, ಹೊಸ ನೆಲ, ಬಿರುಕು ಬಿಡುತ್ತೆ."

ಪಕ್ಕದಲ್ಲಿದ್ದ ಸೊಣ್ಣಪ್ಪ ನಕ್ಕ. ಸೊಣ್ಣಪ್ಪ ಊರ ಗೌಡ. ಗಂಗಮ್ಮನ ಪೂಜೆಯ ಯಜಮಾನಿಕೆ ಅವನದು. ಮೀಸೆ ಎಂಥದೆಂದರೆ, ಗಾಳಿ ಬಂದ ದಿನ ಅದರ ಎರಡು ತುದಿಗಳು ಬೇರೆ ಬೇರೆ ಪಂಚಾಯಿತಿಗೆ ಸೇರುತ್ತಿದ್ದವು.

"ಅದಕ್ಯಾಕೆ ತಲೆ ಕೆಡಿಸ್ಕೋತೀರಿ ಸಾರ್," ಅಂದ. "ನಮ್ ಮುನಿ ಅವ್ಳಲ್ಲ."

'ನಮ್ ಮುನಿ' ಅಂದದ್ದು 'ನಮ್ ಗುದ್ದಲಿ' ಅಂದ ಹಾಗಿತ್ತು.

ದೊಡ್ಡಮುನಿಯಮ್ಮ ಬಂದಳು. ಹೊಸ ಮೆಟ್ಟಿಲಿನಿಂದಲೇ ಇಳಿದಳು. ಆ ಹೊತ್ತಿಗೆ ಕಟ್ಟೆಯ ಮೇಲೆ ಪೂಜೆ ಇಲ್ಲ, ರಂಗೋಲಿ ಇಲ್ಲ, ಬರೀ ಸಿಮೆಂಟು. ಯಾರಿಗೂ ಏನೂ ಅನ್ನಿಸಲಿಲ್ಲ. ಸೀರೆ ಎತ್ತಿ ಕಟ್ಟಿದಳು. ಕೆಸರು ತೊಡೆಗೆ ಬಂತು.

ಅಂತರಗಂಗೆ ನೀರಲ್ಲಿ ಹೂವಿನಂತೆ ತೇಲುತ್ತದೆ. ಎತ್ತಿದರೆ ನೆನೆದ ಹಾಸಿಗೆ. ಬೇರಿನಲ್ಲಿ ಕೆಸರು, ಕೆಸರಿನಲ್ಲಿ ಗಾಜು. ಅಪ್ಪಿಕೊಂಡು ಎತ್ತಬೇಕು. ಎದೆಗೆ, ಕುತ್ತಿಗೆಗೆ, ಬಾಯಿಗೆ ಸೋರುತ್ತದೆ. ಜೆಸಿಬಿಯ ಡ್ರೈವರ್ ರಹಮತುಲ್ಲಾ ಗೋಡೆಯಂಚಿನ ಏರಿಯ ಮೇಲೆ ಗಾಡಿ ನಿಲ್ಲಿಸಿ, ಅದರ ಉದ್ದನೆಯ ಕೈ ಇಳಿಬಿಟ್ಟು ಬಕೆಟ್ ಒಡ್ಡುತ್ತಿದ್ದ. ಇವಳು ತುಂಬುವುದು, ಅವನು ಎತ್ತಿ ಆಚೆ ಸುರಿಯುವುದು. ಅಂಗಾಲಿಗೆ ಗಾಜು ಹೋಯಿತು. ಕಿತ್ತು ಬಿಸಾಕಿದಳು. ನಾಯಿಯನ್ನು ಎತ್ತಿದಳು. ನಾಯಿ ಅರ್ಧ ಬಂತು. ಇನ್ನರ್ಧಕ್ಕೆ ಇನ್ನೊಂದು ಸಲ ಬಗ್ಗಿದಳು.

ಆಮೇಲೆ ಗಣೇಶಗಳು. ಕಳೆದ ಹಬ್ಬದಲ್ಲಿ ಆರ್.ಟಿ. ನಗರದ ಪೆಂಡಾಲಿನಲ್ಲಿ ಅವಳು ಹಣ್ಣುಕಾಯಿ ಹಿಡಿದು ಹತ್ತಿರ ಹೋದಾಗ, ಅವಳ ಕೆರೆ ಕೆಲಸ ಗೊತ್ತಿದ್ದ ಊರಿನವನೊಬ್ಬ, ಅಲ್ಲೇ ನಿಂತ್ಕೊಳಮ್ಮ ಅಂದಿದ್ದ. ಈಗ ಅದೇ ಗಣೇಶನ ಸೊಂಡಿಲು ಒಂದು ಕಂಕುಳಲ್ಲಿ, ಹೊಟ್ಟೆ ಇನ್ನೊಂದು ಕಂಕುಳಲ್ಲಿ. ಬಣ್ಣ ಬಿಟ್ಟು, ಹುಲ್ಲು ಹೊರಗೆ ಬಂದು, ನಾರುತ್ತಿರುವಾಗ ದೇವರನ್ನು ಮುಟ್ಟಲು ಅವಳೊಬ್ಬಳೇ ಸಾಕು.

"ಅಮ್ಮಾ, ಇನ್ನೊಂದು ಗಣೇಶ ಬಂತಾ?" ಅಂತ ಮೇಲಿನಿಂದ ರಹಮತುಲ್ಲಾ ಕೇಳಿದ.

"ಇದು ಇಲಿ ಕಣಪ್ಪ. ಸಾಮಿ ಬುಟ್ಬುಟ್ಟು ಓಗವ್ನೆ."

"ಪೆಟ್ರೋಲ್ ಖಾಲಿ ಆಗಿರ್ಬೇಕು."

"ನಿನ್ ಗಾಡೀಲಿ ಬರ್ತಾನಂತೆ, ಬಕೀಟು ಸರಿಯಾಗಿಡು."

ಬಿಸಿಲು ಏರಿತು. ಕಾಲುವೆ ಚೊಕ್ಕವಾಯಿತು. ಎಷ್ಟು ಚೊಕ್ಕವೆಂದರೆ, ಜಕ್ಕೂರಿನಿಂದ ಹಾರಿದ ಪುಟ್ಟ ವಿಮಾನದ ಪೈಲಟ್ಟು ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ದೊಡ್ಡಮುನಿಯಮ್ಮ ಸೊಂಟ ಹಿಡಿದು ನೆಟ್ಟಗಾದಳು. ಹಿಂದಕ್ಕೆ ನೋಡಿದಳು. ಕಲ್ಲುಸಂದಿ ಇಲ್ಲ. ಕಾಂಕ್ರೀಟು. ಜಾಲರಿಯ ಹತ್ತಿರ ಹೋದಳು. ಕಂಬಿಗಳ ಮಧ್ಯೆ ಬೆಕ್ಕಾದರೆ ತೂರಬಹುದು. ಗೋಡೆ ನೋಡಿದಳು. ಕಾಗೆ ಕೂತು ಸುಧಾರಿಸಿಕೊಳ್ಳುತ್ತಿತ್ತು.

"ಸಾರ್," ಅಂತ ಕೂಗಿದಳು. "ನಾನ್ ಎಲ್ಲಿಂದ ಓಗ್ಲಿ?"

ಯೋಗಾನಂದ ಕಟ್ಟೆಯಿಂದ ಬಗ್ಗಿದ. "ಹಿಂದಿಂದ ಹೋಗಮ್ಮ, ಇಲ್ಲಿ ಪೂಜೆ ಇದೆ."

"ಇಂದೆ ಇಲ್ಲ ಸಾರ್."

"ಇಲ್ಲ ಅಂದ್ರೆ?"

"ನೀವೇ ಕಟ್ಟಿರೋದಲ್ವಾ ಸಾರ್."

ಯೋಗಾನಂದ ಸುತ್ತ ನೋಡಿದ. ಮನುಷ್ಯ ಕೆಟ್ಟವನಲ್ಲ, ಬಹಳ ಯೋಚನೆ ಮಾಡಿ ಕಟ್ಟಿಸಿದವನು. ದನ ಬೀಳದಂತೆ, ಕೋತಿ ಮೋಟಾರು ಮುಟ್ಟದಂತೆ, ಕುಡುಕರು ಈಜಲು ಇಳಿಯದಂತೆ, ಎಲ್ಲಕ್ಕೂ ಒಂದೊಂದು ಉಪಾಯ ಮಾಡಿದ್ದ. ಕೊಳೆ ಬಾಚುವ ಹೆಂಗಸು ಯಾರ ಕಣ್ಣಿಗೂ ಬೀಳದೆ ಹೊರಗೆ ಹೋಗಲು ಒಂದು ಸಂದಿ ಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಊರಿನವರು ಹೇಳಲಿಲ್ಲ, ಯಾಕೆಂದರೆ ಅದು ಹೇಳುವಂಥ ಮಾತಲ್ಲ. ಅವನು ಕೇಳಲಿಲ್ಲ, ಯಾಕೆಂದರೆ ಅವನ ಪ್ರಕಾರ ಅಂಥ ಹೆಂಗಸೇ ಇಲ್ಲ. ಈಗ ಇದ್ದಳು. ಕೆಳಗೆ ನಿಂತು ಅವನನ್ನೇ ನೋಡುತ್ತಿದ್ದಳು.

ಉಳಿದದ್ದು ಮೆಟ್ಟಿಲು. ಅಷ್ಟರಲ್ಲಿ ಮೆಟ್ಟಿಲು ಬೆಳಗಿನ ಮೆಟ್ಟಿಲಾಗಿ ಉಳಿದಿರಲಿಲ್ಲ. ಗಂಜಲ ಚಿಮುಕಿಸಿ ತೊಳೆದಿದ್ದರು. ಕೆಂಪು ರತ್ನಗಂಬಳಿ ಇಳಿಬಿಟ್ಟಿದ್ದರು. ಕಟ್ಟೆಯ ಮೇಲೆ ಶಾಮಿಯಾನ ಎದ್ದಿತ್ತು, ಅದರ ಕೆಳಗೆ ಅತಿಥಿಗಳಿಗೆ ಕುರ್ಚಿಗಳ ಸಾಲು, ಸುತ್ತ ರೇಷ್ಮೆ ಪಂಚೆ ಉಟ್ಟ ಊರ ಗಂಡಸರು. ಮೆಟ್ಟಿಲು ಮುಗಿಯುವ ಕಡೆ ತೇರಿನ ಚಕ್ರದಷ್ಟಗಲ ರಂಗೋಲಿ. ರಂಗೋಲಿಯ ಆಚೆ ಗಂಗಮ್ಮನ ಕಲಶ. ಕಲಶದ ಪಕ್ಕ ಸೊಣ್ಣಪ್ಪನ ಹೆಂಡತಿ ಗೋಪಾಲಮ್ಮ, ಕೈಯಲ್ಲಿ ಬಾಗಿನದ ಮೊರ. ಒಮ್ಮೆ ಎತ್ತಿದ ಬಾಗಿನ ನೀರಿಗೆ ಬಿಡುವವರೆಗೂ ನೆಲಕ್ಕೆ ತಾಗಬಾರದು. ಅದರಲ್ಲಿದ್ದ ಬಳೆ, ಬೆಲ್ಲ, ತೆಂಗಿನಕಾಯಿಯ ಭಾರಕ್ಕೆ ಆನೆಯೂ ಒಂದು ಕಾಲು ಬದಲಾಯಿಸುತ್ತಿತ್ತು.

ಸೊಣ್ಣಪ್ಪ ಮೆಟ್ಟಿಲ ತಲೆಗೆ ಬಂದು ನಿಂತ. "ಮುನಿ, ಅಲ್ಲೇ ಇರು. ಇಲ್ಲಿ ಅತ್ಬೇಡ."

"ಮತ್ತೆ ಎಲ್ಲಿಂದ ಅತ್ಲಿ ಗೌಡ್ರೆ?"

"ಏನಾದ್ರೂ ಮಾಡಾನ ಇರು." ತಿರುಗಿ ರಹಮತುಲ್ಲಾನಿಗೆ ಕೂಗಿದ. "ಏಯ್ ಸಾಬಿ, ಬಕೀಟ್ ಇಳಿಸು. ಅವಳ್ನ ಕೂರಿಸ್ಕೊಂಡು ಆಕಡೆ ಇಳಿಸ್ಬುಡು."

ಬಕೆಟ್ ಇಳಿಯಿತು. ಒಳಗೆ ನಾಯಿಯ ಕೂದಲು ಅಂಟಿತ್ತು. ಇಲಿಯ ಬಾಲ ಉಳಿದಿತ್ತು. ಬಕೆಟ್ ಅವಳ ಮೊಣಕಾಲ ಹತ್ತಿರ ಬಂದು, ಕೂತ್ಕೋ ಅನ್ನುವ ಹಾಗೆ ಬಾಯಿ ತೆರೆದು ನಿಂತಿತು.

ದೊಡ್ಡಮುನಿಯಮ್ಮ ಬಕೆಟನ್ನು ನೋಡಿದಳು. ಬೆಳಗಿನಿಂದ ತಾನೇ ಅದಕ್ಕೆ ತುಂಬಿದ್ದೆಲ್ಲ ಕಣ್ಣ ಮುಂದೆ ಬಂತು. ನಾಯಿ. ಚೀಲ. ಗಣೇಶನ ಹೊಟ್ಟೆ. ಈಗ ನಾನು.

"ನಾನ್ ಇದ್ರಲ್ಲಿ ಕೂರಲ್ಲ," ಅಂದಳು.

ಮೆಲ್ಲಗೇ ಅಂದದ್ದು. ಕಾಲುವೆಯ ಎರಡು ಗೋಡೆ ಅದನ್ನು ಎತ್ತಿಕೊಂಡು ಹೋಗಿ ಏರಿಯ ಮೇಲಿದ್ದ ಅಷ್ಟೂ ಜನಕ್ಕೆ ಹಂಚಿದವು. ಸೋಲದೇವನಹಳ್ಳಿಯ ರೈಲು ಗೇಟಿನಲ್ಲಿ ನಿಂತವರಿಗೂ ಕೇಳಿಸಿತು ಅಂತ ಆಮೇಲೆ ಹೇಳುತ್ತಿದ್ದರು.

"ಏನಂದೆ?"

"ಕಸ ಎತ್ತೋ ಬಕೀಟಲ್ಲಿ ನಾ ಕೂರಲ್ಲ ಗೌಡ್ರೆ. ಮೆಟ್ಲಿಂದ ಇಳ್ದಿದ್ದೀನಿ. ಮೆಟ್ಲಿಂದ ಅತ್ತೀನಿ. ಮೇಲ್ ನಿಂತು ಮೊದ್ಲು ಬೀಳೋ ನೀರು ನೋಡ್ತೀನಿ. ನೋಡಿ ಮನೇಗೋಗ್ತೀನಿ. ಇನ್ನೇನೂ ಬ್ಯಾಡ."

ಜೆಸಿಬಿ ಗುರ್ರ್ ಅಂತಿದ್ದದ್ದು ಥಟ್ಟನೆ ನಿಂತಿತು. ರಹಮತುಲ್ಲಾ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡಿದ್ದ.

"ಯಾಕ್ಲಾ ನಿಲ್ಲಿಸ್ದೆ?"

"ಡೀಸೆಲ್ ಮುಗೀತು ಗೌಡ್ರೆ."

"ಬೆಳಿಗ್ಗೆ ತಾನೆ ಫುಲ್ ಟ್ಯಾಂಕ್ ಆಕ್ಸಿದ್ದು."

"ಹೊಸ ಗಾಡಿ. ಜಾಸ್ತಿ ಕುಡಿಯುತ್ತೆ."

ಜೆಸಿಬಿಯ ಹಳದಿ ಬಣ್ಣ ಹೋಗಿ ಎಷ್ಟು ವರ್ಷವಾಗಿತ್ತೆಂದರೆ, ಅದು ಹಳದಿ ಅಂತ ಅದಕ್ಕೇ ಮರೆತುಹೋಗಿತ್ತು.

ಯೋಗಾನಂದನ ಮುಖದಲ್ಲಿ ಬೆವರು. "ಸೊಣ್ಣಪ್ಪನವರೇ, ಮೆಟ್ಟಿಲಿಂದ ಬರ್ಲಿ ಬಿಡಿ. ಒಂದು ನಿಮಿಷದ ಕೆಲ್ಸ."

"ಒಂದು ನಿಮಿಷದ್ದಲ್ಲ ಸಾರ್. ನೂರಾರು ವರ್ಷದ್ದು." ಸೊಣ್ಣಪ್ಪ ಶಾಮಿಯಾನದ ಕಡೆ ಕೈ ಮಾಡಿದ. "ಒಂದ್ ಕೆಲ್ಸ ಮಾಡಾನ. ಮೆಟ್ಲಿನ್ ಉದ್ದಕ್ಕೂ ಅಡ್ಡ ಬಟ್ಟೆ ಕಟ್ಟಾನ. ಅದರ ಇಂದೆ ಬಂದು, ಅಂಗೇ ಆಚೆ ಓಗ್ಲಿ. ಗಂಗಮ್ಮಂಗೂ ಕಾಣಲ್ಲ, ನಮಗೂ ಕಾಣಲ್ಲ."

"ಬಟ್ಟೆ ಕಟ್ಟಿದ್ರೆ ನಂಗೆ ನೀರು ಎಂಗ್ ಕಾಣ್ತದೆ ಗೌಡ್ರೆ?" ಅಂತ ಕೆಳಗಿನಿಂದ ಬಂತು.

ಏರಿಯ ಮೇಲೆ ಕಾಲೋನಿಯವರ ಕಡೆಯಿಂದ ಯಾರೋ ಕಿಸಕ್ ಅಂದರು. ಸೊಣ್ಣಪ್ಪ ಆ ಕಡೆ ನೋಡಿದ. ಕಿಸಕ್ ಅಂದವರು ಯಾರೆಂದು ತಿಳಿಯಲಿಲ್ಲ, ಯಾಕೆಂದರೆ ಅಲ್ಲಿದ್ದ ಎಲ್ಲರ ಮುಖವೂ ಈಗಷ್ಟೇ ತೂಕಡಿಕೆಯಿಂದ ಎದ್ದವರ ಹಾಗಿತ್ತು.

ಅದೇ ಹೊತ್ತಿಗೆ ಸೈರನ್ ಹಾಕಿಕೊಂಡು ಕಾರು ಬಂತು. ದೊಡ್ಡವರು ಇಳಿದರು. ಬಿಳಿ ಅಂಗಿ, ಬಿಳಿ ಪಂಚೆ, ಆ ಬಿಳುಪಿಗೆ ಕೊಕ್ಕರೆಗಳು ನಾಚಿ ಆಚೆ ದಡಕ್ಕೆ ಹೋದವು. ಹಿಂದೆ ಟಿವಿಯವರು. ದೊಡ್ಡವರು ಕಟ್ಟೆಗೆ ಬಂದು, ಕೈ ಮುಗಿದು, ಗುಂಡಿಯ ಮೇಲೆ ಬೆರಳಿಟ್ಟು, ಕ್ಯಾಮರಾಕ್ಕೆ ಮುಖ ತಿರುಗಿಸಿ ನಕ್ಕರು.

"ಸಾರ್, ಒಂದ್ನಿಮಿಷ," ಅಂದ ಯೋಗಾನಂದ. "ಕೆಳಗೆ ಜನ ಇದಾರೆ."

ದೊಡ್ಡವರು ಬೆರಳು ತೆಗೆದು ಬಗ್ಗಿ ನೋಡಿದರು. ಕಾಲುವೆಯ ನಡುವೆ, ಮಧ್ಯದ ಬಾಗಿಲಿನ ನೇರಕ್ಕೆ, ತಲೆಯಿಂದ ಕಾಲಿನವರೆಗೆ ಕಪ್ಪು ಕೆಸರು ಮೆತ್ತಿಕೊಂಡು ಒಬ್ಬ ಗಿಡ್ಡ ಹೆಂಗಸು ನಿಂತಿದ್ದಳು. ಅಲ್ಲೇ ನಿಂತಿದ್ದರೆ ಎಲ್ಲರಿಗಿಂತ ಮೊದಲು ನೀರು ನೋಡುತ್ತಿದ್ದಳು. ಎರಡನೆಯ ಸಲ ನೋಡಲು ಆಗುತ್ತಿರಲಿಲ್ಲ.

"ಯಾರಪ್ಪಾ ಅದು ತಾಯಿ? ಮೇಲಕ್ಕೆ ಕರ್ಕೊಂಡು ಬನ್ನಿ. ಅದರಲ್ಲೇನಿದೆ. ನಾವೆಲ್ಲ ಒಂದೇ," ಅಂದರು ದೊಡ್ಡವರು.

ಸೊಣ್ಣಪ್ಪ ಅವರ ಕಿವಿಯ ಹತ್ತಿರ ಹೋದ. ಏನು ಹೇಳಿದ ಅಂತ ಯಾರಿಗೂ ಕೇಳಲಿಲ್ಲ. ಸುತ್ತಲ ಹಳ್ಳಿಗಳ ಹೆಸರುಗಳು ಮಾತ್ರ ಓಟು ಎಣಿಸಿದಂತೆ ಒಂದೊಂದಾಗಿ ಮೀಸೆಯ ಕೆಳಗಿನಿಂದ ಉದುರಿದವು. ಪ್ರತಿ ಹೆಸರಿಗೂ ದೊಡ್ಡವರ ತಲೆ ಒಂದಿಷ್ಟು ಬಗ್ಗುತ್ತಾ ಹೋಯಿತು.

"ಸಂಪ್ರದಾಯ ಅಂದ್ಮೇಲೆ," ಅಂದರು ಕೊನೆಗೆ, "ಅದನ್ನ ಊರಿನವರೇ ಕೂತು ಮಾತಾಡಿ ಬಗೆಹರಿಸ್ಕೊಳ್ಳೋದು ಒಳ್ಳೇದು." ಹಾಗಂದು ಮೊಬೈಲು ತೆಗೆದು ಅದರಲ್ಲಿ ಮುಳುಗಿದರು.

ಸೊಣ್ಣಪ್ಪನಿಗೆ ಧೈರ್ಯ ಬಂತು. "ಮುನಿ, ಕೊನೇ ಸಲ ಏಳ್ತಾ ಇದೀನಿ. ಬಕೀಟಲ್ಲಿ ಕೂತ್ಕೋ. ಇಲ್ಲಾಂದ್ರೆ ಗೇಟ್ ಎತ್ತಿಸ್ಬುಡ್ತೀನಿ."

"ಎತ್ತಿಸಿ," ಅಂದಳು ದೊಡ್ಡಮುನಿಯಮ್ಮ.

ಗಾಳಿಯೂ ನಿಂತಿತು. ನಿಜಕ್ಕೂ ನಿಂತಿತು, ಶಾಮಿಯಾನದ ಝಾಲರು ಅಲುಗಲಿಲ್ಲ. ಅವಳು ಮಧ್ಯದ ಬಾಗಿಲಿನ ಕಡೆ ಮುಖ ತಿರುಗಿಸಿ ನಿಂತಳು.

"ಎಳೆದು ತರ್ರೋ ಅವಳ್ನ," ಅಂದ ಸೊಣ್ಣಪ್ಪ.

ಯಾರೂ ಅಲ್ಲಾಡಲಿಲ್ಲ. ಎಳೆದು ತರಬೇಕಾದರೆ ಇಳಿಯಬೇಕು. ಇಳಿದರೆ ಮುಟ್ಟಬೇಕು. ಮುಟ್ಟಿದವನು ಮತ್ತೆ ಅದೇ ಮೆಟ್ಟಿಲು ಹತ್ತಿ, ಅದೇ ರಂಗೋಲಿ ದಾಟಿ, ಅದೇ ಕಲಶದ ಮುಂದೆ ಬರಬೇಕು. ರೇಷ್ಮೆ ಪಂಚೆಯ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಪಂಚೆಯ ಅಂಚು ಸರಿಮಾಡಿಕೊಂಡ. ಇನ್ನೊಬ್ಬನಿಗೆ ಫೋನು ಬಂತು, ಫೋನು ರಿಂಗಾಗದೇ ಬಂತು.

ದೊಡ್ಡಮುನಿಯಮ್ಮನಿಗೆ ಅದು ಕಂಡಿತು. ಇಷ್ಟು ವರ್ಷ ಯಾವುದು ಅವಳನ್ನು ದೂರ ನಿಲ್ಲಿಸಿತ್ತೋ ಅದೇ ಈಗ ಅವಳ ಸುತ್ತ ಗೋಡೆ ಕಟ್ಟಿ ಕಾಯುತ್ತಿತ್ತು. ಅವಳು ಅಲ್ಲೇ ಕಾಂಕ್ರೀಟಿನ ಮೇಲೆ ಕೂತಳು. ಸೊಂಟದ ಚೀಲ ಬಿಚ್ಚಿದಳು. ಎಲೆ ಅಡಿಕೆ ಒದ್ದೆಯಾಗಿರಲಿಲ್ಲ.

"ಗೌಡ್ರೆ," ಅಂದಳು, ಎಲೆಗೆ ಸುಣ್ಣ ಸವರುತ್ತಾ. "ನಿಮ್ ಗಣೇಶನ ಸೊಂಡ್ಲು ನನ್ ಕಂಕಳಲ್ಲಿತ್ತು. ಆಗ ಗಂಗಮ್ಮ ಇಲ್ಲೇ ಬಾಗ್ಲಿಂದೆ ನಿಂತು ನೋಡ್ತಾ ಇದ್ಲು. ಏನೂ ಅನ್ನಲಿಲ್ಲ. ನಾನ್ ಬಾಚಿದ್ ದಾರೀಲಿ ಅವ್ಳು ಓಗ್ಬೋದು. ಅವ್ಳು ಓಗೋದನ್ನ ನಾನ್ ನೋಡಂಗಿಲ್ಲ. ಇದನ್ನ ಗಂಗಮ್ಮ ಏಳಿದ್ಲಾ, ನೀವ್ ಏಳಿದ್ರಾ?"

ಟಿವಿಯವನು ಕ್ಯಾಮರಾ ಕೆಳಗೆ ತಿರುಗಿಸಿದ.

"ತಮಟೆ ಬಡೀರೋ," ಅಂದ ಸೊಣ್ಣಪ್ಪ, ಅವಳ ಮಾತು ಮುಳುಗಲಿ ಅಂತ. "ಬೈರಾ, ಬಡಿ."

ಬೈರಣ್ಣ ಏರಿಯ ಕೊನೆಯಲ್ಲಿ ಸೋಗೆಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದ. ಥಂಡಿಗೆ ಸಡಿಲಾದ ಚರ್ಮ ಬಿಸಿಯಾಗಿ ಬಿಗಿಯಬೇಕು, ಬಿಗಿದರೆ ಮಾತ್ರ ಸದ್ದು. ಬೆರಳಿನಿಂದ ಒಂದು ಸಲ ತಟ್ಟಿದ. ಸದ್ದು ಖಣ್ ಅಂತು. ಏರಿಯ ಮೇಲಿದ್ದ ಕಿವುಡರಿಗೂ ಅದು ಬಿಗಿದಿದೆ ಅಂತ ಗೊತ್ತಾಯಿತು.

"ಇನ್ನೂ ಕಾದಿಲ್ಲ ಗೌಡ್ರೆ," ಅಂದ ಬೈರಣ್ಣ.

ಅವನು ಅಷ್ಟುದ್ದ ಮಾತಾಡಿದ್ದು ಮದುವೆಯಾದಾಗಿನಿಂದ ಅದೇ ಮೊದಲು. ತಮಟೆಯನ್ನು ಮತ್ತೆ ಬೆಂಕಿಯ ಕಡೆ ತಿರುಗಿಸಿ ಹಿಡಿದ. ಆ ಬೆಂಕಿಯಲ್ಲಿ ಒಂದು ಹಪ್ಪಳ ಸುಡುವಷ್ಟೂ ಕಾವಿರಲಿಲ್ಲ.

ಕೆಳಗಿನಿಂದ ದೊಡ್ಡಮುನಿಯಮ್ಮ ಕೂಗಿದಳು. "ನಿಧಾನಕ್ಕೆ ಕಾಯಿಸಯ್ಯಾ. ನಂಗೇನೂ ಅವಸರ ಇಲ್ಲ."

ಬಾಗಿಲುಗಳ ಹಿಂದೆ ನೀರು ಏರುತ್ತಿತ್ತು. ಯೋಗಾನಂದ ಗೋಡೆಗೆ ಬರೆದ ಅಳತೆಯನ್ನು ನೋಡುತ್ತಿದ್ದ, ಆಮೇಲೆ ಸೊಣ್ಣಪ್ಪನನ್ನು, ಆಮೇಲೆ ಮತ್ತೆ ಅಳತೆಯನ್ನು. ಬಾಗಿಲಿನ ತಲೆಯ ಮೇಲಿಂದ ಒಂದು ತೆಳು ಹನಿಸಾಲು ಕೆಳಗೆ ಜಾರಿತು. ಅವನು ಸೊಣ್ಣಪ್ಪನ ತೋಳು ಹಿಡಿದ. ಸರ್ಕಾರಿ ನೌಕರ ಊರ ಗೌಡನ ತೋಳು ಹಿಡಿದದ್ದನ್ನು ಕರಿಜಾಲಿಯ ಜನ ಅಂದೇ ಕಂಡದ್ದು.

"ನೋಡ್ರೀ, ಇದು ಏರಿ ಪ್ರಶ್ನೆ. ಏರಿ ಹೋದ್ರೆ ನನ್ ಕೆಲ್ಸ ಹೋಗುತ್ತೆ, ಅರ್ಧ ಬೆಂಗಳೂರಿಗೆ ನೀರಿಲ್ದಂಗಾಗುತ್ತೆ. ಅವರನ್ನ ಮೇಲಕ್ಕೆ ಕರೀರಿ."

"ನಾನ್ ಕರೆಯಲ್ಲ."

"ಹಂಗಾದ್ರೆ ನಾನ್ ಕರೀತೀನಿ."

"ಕರೀರಿ. ನಾಳೆಯಿಂದ ಈ ಊರಲ್ಲಿ ನಿಮಗೆ ಒಂದ್ ಲೋಟ ಟೀ ಉಟ್ಟಲ್ಲ."

ಯೋಗಾನಂದನಿಗೆ ಟೀ ನೆನಪಾಯಿತೋ ಏನೋ, ತೋಳು ಬಿಟ್ಟು ಮತ್ತೆ ಅಳತೆಯ ಕಡೆ ತಿರುಗಿದ.

ಆಗ ಗೋಪಾಲಮ್ಮನ ಬಾಯಿ ತೆರೆಯಿತು. ಅವಳು ಬಾಗಿನದ ಮೊರ ಹಿಡಿದು ನಿಂತಾಗಿನಿಂದ ಒಂದು ಮಾತೂ ಆಡಿರಲಿಲ್ಲ. ಕೈ ಮೊದಲು ನೋಯಿತು, ಆಮೇಲೆ ಮರಗಟ್ಟಿತು, ಆಮೇಲೆ ಅವು ತನ್ನ ಕೈಗಳೇ ಅನ್ನುವುದೂ ಮರೆತುಹೋಯಿತು. ಬಾಗಿಲು ಎತ್ತುವ ಹೊತ್ತಿಗೆ ಮುಂಚೆ ನೀರಿಗೆ ಬಿಡುವ ಹಾಗಿಲ್ಲ. ಇಳಿಸುವ ಹಾಗಿಲ್ಲ. ಬೇರೆಯವರಿಗೆ ಕೊಡುವ ಹಾಗಿಲ್ಲ. ಬೆಳಗಿನಿಂದ ಉಪವಾಸ. ಅಲ್ಲದೆ ಹೊರಗಡೆ ಹೋಗಿ ಬರಬೇಕಾದ ಅವಸರ ಬೇರೆ, ಅದನ್ನು ಗಂಡಸರ ಮುಂದೆ ಹೇಳುವ ಹಾಗಿಲ್ಲ.

"ಬರ್ಲಿ ಬುಡ್ರೀ," ಅಂದಳು ಗಂಡನಿಗೆ. "ನನ್ ತೋಳು ಬಿದ್ದೋಗ್ತದೆ."

"ನೀನ್ ಸುಮ್ನಿರು. ಕಟ್ಟಳೆ ಮಾತು."

"ಕಟ್ಟಳೆ ನಿಮ್ದು, ತೋಳು ನಂದು. ಬೇಕಾದ್ರೆ ಇದನ್ನ ನೀವೇ ಇಡ್ಕೊಳ್ಳಿ." ಮೊರವನ್ನು ಗಂಡನ ಎದೆಯತ್ತ ಚಾಚಿದಳು. ಬಾಗಿನವನ್ನು ಗಂಡಸು ಮುಟ್ಟುವ ಹಾಗಿಲ್ಲ. ಸೊಣ್ಣಪ್ಪ ಹಿಂದಕ್ಕೆ ಜಿಗಿದ. ಗೋಪಾಲಮ್ಮ ಕಂಬಿಯ ಮೇಲಿಂದ ಬಗ್ಗಿ ಕೂಗಿದಳು. "ಏ ಮುನಿಯಮ್ಮ, ಬಾರಮ್ಮಿ ಬೇಗ. ಸಾಯಿಸ್ತೀಯಾ ನನ್ನ."

ಕನಿಕರ ಅನ್ನುವ ಪದಾರ್ಥ ಆ ಕೂಗಿನಲ್ಲಿ ಸಾಸಿವೆಯಷ್ಟೂ ಇರಲಿಲ್ಲ. ದೊಡ್ಡಮುನಿಯಮ್ಮನಿಗೆ ಅದು ಬೇಕಾಗಿಯೂ ಇರಲಿಲ್ಲ. ಎಲೆ ಅಡಿಕೆ ದವಡೆಗೆ ಒತ್ತಿ ಎದ್ದಳು.

ಮೆಟ್ಟಿಲಿಗೆ ಕಾಲಿಟ್ಟಳು. ಕೆಂಪು ಗಂಬಳಿಯ ಮೇಲೆ ಕರಿ ಹೆಜ್ಜೆ. ಒಂದು ಹೆಜ್ಜೆಯಲ್ಲಿ ಸ್ವಲ್ಪ ರಕ್ತವೂ ಇತ್ತು, ಗಾಜು ಹೋದ ಕಾಲು. ಮೇಲಿದ್ದ ರೇಷ್ಮೆ ಪಂಚೆಗಳು ಎರಡು ಬದಿಗೂ ಸರಿದವು. ದೊಡ್ಡವರು ಬರುವಾಗ ಪೊಲೀಸರು ಲಾಠಿ ಹಿಡಿದು ಬಿಡಿಸಿದ ದಾರಿ ಇದರ ಅರ್ಧದಷ್ಟೂ ಅಗಲವಿರಲಿಲ್ಲ. ದೊಡ್ಡವರು ಮೊಬೈಲಿನಿಂದ ತಲೆ ಎತ್ತಿ, ತಮ್ಮ ಬಿಳಿ ಪಂಚೆ ನೋಡಿಕೊಂಡು, ತಾವೂ ಸರಿದರು.

ರಂಗೋಲಿಯನ್ನು ಸುತ್ತಿಕೊಂಡು ಹೋಗಲು ಜಾಗವಿತ್ತು. ಅವಳು ಸುತ್ತಲಿಲ್ಲ. ತೇರಿನ ಚಕ್ರದ ಮಧ್ಯದಲ್ಲೇ ನಡೆದು, ಕಲಶದ ಮುಂದೆ ನಿಂತು, ಕೆಸರು ಕೈಯಲ್ಲೇ ಕೈ ಮುಗಿದಳು. ಗಂಗಮ್ಮನ ಕಲಶ ಉರುಳಲಿಲ್ಲ, ಅದರ ತೆಂಗಿನಕಾಯಿ ಸಿಡಿಯಲಿಲ್ಲ, ವೀಳ್ಯದೆಲೆ ಬಾಡಲಿಲ್ಲ. ಕೆಲವರು ಕಾದು ನೋಡಿದರು, ಆದರೂ ಆಗಲಿಲ್ಲ.

ಅವಳು ಮುಂದಿನ ಕಂಬಿಗೆ ಹೋಗಿ, ಎರಡು ಕೈಯಿಂದ ಹಿಡಿದು ನಿಂತಳು. ಹೊಳೆಯುವ ಸ್ಟೀಲು ಮಂಕಾಯಿತು.

ಗೋಪಾಲಮ್ಮ ಕಂಬಿಯ ಇನ್ನೊಂದು ತುದಿಗೆ ಓಡಿ ಕೆರೆಗೆ ಬಾಗಿನ ಬಿಟ್ಟಳು. ಬಿಟ್ಟು, ಬೇರೆ ಕಡೆಗೆ ಓಡಿದಳು. ದೊಡ್ಡವರು ಗುಂಡಿ ಒತ್ತಿದರು. ಏರಿಯ ಕೊನೆಯಲ್ಲಿ ತಮಟೆ ಇದ್ದಕ್ಕಿದ್ದಂತೆ ಕಾದುಬಿಟ್ಟಿತು. ಬೈರಣ್ಣ ಬಡಿದ ಬಡಿತಕ್ಕೆ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಸಿಕ್ಕಿಕೊಂಡಿದ್ದ ಟ್ರಾಫಿಕ್ಕು ಒಂದು ಅಂಗುಲ ಮುಂದಕ್ಕೆ ಹೋಯಿತು.

ಮೊದಲ ಬಾಗಿಲು ನರಳಿತು. ಏಳತೊಡಗಿತು. ಕೆಳಗಿನ ಸಂದಿಯಿಂದ ಮೊದಲು ಒಂದು ಉಸಿರು ಬಂತು, ನೀರಿನ ಉಸಿರು, ತಣ್ಣಗೆ. ಅದರ ಹಿಂದೆ ನೀರು. ಅದು ಬಿಳಿಯಾಗಿರಲಿಲ್ಲ. ಹೊಸ ಮಳೆಯ ಕೆಮ್ಮಣ್ಣಿನ ನೀರು, ಕೆಂಪಗೆ, ದಪ್ಪಗೆ. ಬಾಗಿಲ ಕೆಳಗೆ ಒಂದು ಸಲ ಮಡಚಿಕೊಂಡು, ಮೇಲೆದ್ದು, ಬೆಳಗಿನಿಂದ ಅವಳು ತೊಡೆಯುದ್ದ ನಿಂತಿದ್ದ ಜಾಗದ ಮೇಲೆ ಬಿದ್ದು ಓಡಿತು. ಜಾಲರಿಯನ್ನು ಮುಟ್ಟಿತು. ಎಲ್ಲೂ ನಿಲ್ಲಲಿಲ್ಲ. ದಾಟಿಹೋಯಿತು.

ದೊಡ್ಡಮುನಿಯಮ್ಮ ನೋಡಿದಳು. ಬಾಯಲ್ಲಿದ್ದ ಎಲೆ ಅಡಿಕೆ ಅಗಿಯುವುದನ್ನು ಮರೆತಳು. ಕಣ್ಣು ರೆಪ್ಪೆ ಹೊಡೆಯಲಿಲ್ಲ. ಹನಿ ಹಾರಿ ಮುಖದ ಕೆಸರು ಒಂದೊಂದು ಗೆರೆಯಾಗಿ ಇಳಿಯಿತು.

ಸೊಣ್ಣಪ್ಪ ಹಿಂದೆ ಬಂದು ನಿಂತ. ಒಂದು ಮಾರು ದೂರದಲ್ಲಿ.

"ನೋಡ್ದೆಲ್ಲ," ಅಂದ, ಹಲ್ಲಿನ ಮಧ್ಯದಿಂದ. "ಸಾಕಲ್ಲ. ಈಗ ಓಗು."

ದೊಡ್ಡಮುನಿಯಮ್ಮ ತಿರುಗಲಿಲ್ಲ. ಅತಿಥಿಗಳ ಸಾಲಿನ ಮೊದಲ ಕುರ್ಚಿ ಕೈಗೆ ಸಿಗುವಷ್ಟು ಹತ್ತಿರವಿತ್ತು. ಬಿಳಿ ಬಟ್ಟೆ ಹೊದಿಸಿದ್ದು. ಕಾಲಿನಿಂದ ಅದನ್ನು ಕಂಬಿಯ ಹತ್ತಿರಕ್ಕೆ ಎಳೆದುಕೊಂಡಳು.

"ಒಂದೇ ಬಾಗ್ಲು ತೆಗ್ದವ್ರೆ ಗೌಡ್ರೆ," ಅಂದಳು. "ಇನ್ನೂ ಎರಡು ಐತೆ."

ಅಂದು, ಕೂತಳು.